ಸಣ್ಣ ವಿಮಾನ, ಸಣ್ಣ ಸಂಬಳ: ಅಮೆರಿಕದ ಪ್ರಾದೇಶಿಕ ಪೈಲಟ್‌ಗಳ ದುಡಿಮೆ ರೂಪುಗೊಂಡ ಬಗೆ

ಅಮೆರಿಕದ ದೇಶೀಯ ವಿಮಾನಯಾನದಲ್ಲಿ ಎರಡು ಪದರಗಳಿವೆ. ಡೆಲ್ಟಾ, ಯುನೈಟೆಡ್, ಅಮೆರಿಕನ್‌ನಂಥ ದೊಡ್ಡ ಸಂಸ್ಥೆಗಳು ಮಹಾನಗರಗಳ ನಡುವೆ ಹಾರುತ್ತವೆ. ಸಣ್ಣ ಊರುಗಳ ಪ್ರಯಾಣಿಕರನ್ನು ಆ ನಗರಗಳಿಗೆ ತಂದು ಮುಟ್ಟಿಸುವ ಕೆಲಸ ಸ್ಕೈವೆಸ್ಟ್, ರಿಪಬ್ಲಿಕ್, ಎಂಡೆವರ್, ಎನ್ವಾಯ್, ಪಿಎಸ್‌ಎ ಮೊದಲಾದ ಪ್ರಾದೇಶಿಕ ಕಂಪನಿಗಳದು. ವಿಮಾನದ ಮೈಮೇಲೆ ದೊಡ್ಡ ಸಂಸ್ಥೆಯದೇ ಬಣ್ಣ, ಟಿಕೆಟ್‌ ಮೇಲೆ ಅದರದೇ ಹೆಸರು. ಕಾಕ್‌ಪಿಟ್‌ನಲ್ಲಿ ಕುಳಿತವರಿಗೆ ಸಂಬಳ ಕೊಡುವ ಕಂಪನಿ ಮಾತ್ರ ಬೇರೆ. ಈ ಶತಮಾನದ ಮೊದಲ ದಶಕದ ಹೊತ್ತಿಗೆ ದೇಶದೊಳಗಿನ ಹಾರಾಟಗಳಲ್ಲಿ ಸುಮಾರು ಅರ್ಧದಷ್ಟನ್ನು ಈ ಕಂಪನಿಗಳೇ ನಡೆಸುತ್ತಿದ್ದವು. ಆದರೂ ಅಲ್ಲಿನ ಹೊಸ ಸಹಪೈಲಟ್‌ನ ವಾರ್ಷಿಕ ಗಳಿಕೆ ಇಪ್ಪತ್ತು ಸಾವಿರ ಡಾಲರ್‌ನ ಆಸುಪಾಸಿನಲ್ಲಿತ್ತು. ಇಷ್ಟು ಹೊಣೆಯ ಕೆಲಸಕ್ಕೆ ಇಷ್ಟು ಕಡಿಮೆ ಸಂಬಳ ಬಂದದ್ದು ಹೇಗೆ ಎಂಬುದಕ್ಕೆ ತೊಂಬತ್ತು ವರ್ಷಗಳ ಹಿನ್ನೆಲೆಯಿದೆ.

ತೂಕಕ್ಕೆ ತಕ್ಕ ಸಂಬಳ

ಡೇವಿಡ್ ಬೆಂಕಿ ಎಂಬ ಪೈಲಟ್‌ನ ಮುಂದಾಳತ್ವದಲ್ಲಿ 1931ರಲ್ಲಿ ವಿಮಾನ ಪೈಲಟ್‌ಗಳ ಸಂಘ ‘ಆಲ್ಪಾ’ ಹುಟ್ಟಿಕೊಂಡಿತು. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಕಂಪನಿಗಳು ಸಂಬಳ ಕಡಿತಕ್ಕೆ ಮುಂದಾಗಿದ್ದವು. ವಿವಾದ ರಾಷ್ಟ್ರೀಯ ಕಾರ್ಮಿಕ ಮಂಡಳಿಯ ಮುಂದೆ ಹೋಯಿತು. 1934ರಲ್ಲಿ ಮಂಡಳಿ ಕೊಟ್ಟ ‘ತೀರ್ಮಾನ 83’ ಪೈಲಟ್‌ಗಳ ಹಾರಾಟವನ್ನು ತಿಂಗಳಿಗೆ 85 ಗಂಟೆಗೆ ಮಿತಿಗೊಳಿಸಿತು. ಮೂಲವೇತನದ ಜೊತೆಗೆ ವಿಮಾನದ ವೇಗ, ಕ್ರಮಿಸಿದ ಮೈಲಿ, ಹಗಲು–ರಾತ್ರಿಯ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದು ಸಂಬಳದ ಸೂತ್ರವನ್ನೂ ರಚಿಸಿತು. ಮುಂದೆ ವಿಮಾನದ ತೂಕವೂ ಇದಕ್ಕೆ ಸೇರಿತು. ದೊಡ್ಡ ವಿಮಾನ ಹೆಚ್ಚು ಗಳಿಸಿಕೊಡುತ್ತದೆ, ಅದರ ಲಾಭದಲ್ಲಿ ಪೈಲಟ್‌ಗೂ ಪಾಲಿರಬೇಕು ಎಂಬುದು ಇದರ ಹಿಂದಿನ ತರ್ಕ.

ಆ ಕಾಲಕ್ಕೆ ಅದು ನ್ಯಾಯವಾದ ಏರ್ಪಾಡೇ ಆಗಿತ್ತು. 1938ರ ನಂತರ ಮಾರ್ಗ ಮತ್ತು ದರಗಳನ್ನು ಸರ್ಕಾರವೇ ನಿಗದಿ ಮಾಡುತ್ತಿದ್ದುದರಿಂದ, ಸಂಬಳ ಏರಿದರೆ ಅದರ ಹೊರೆ ಟಿಕೆಟ್ ದರಕ್ಕೆ ಸೇರಿಹೋಗುತ್ತಿತ್ತು. ಹೊಸಬರು ಸಣ್ಣ ವಿಮಾನದಲ್ಲಿ ಕಡಿಮೆ ಸಂಬಳಕ್ಕೆ ಆರಂಭಿಸಿ, ಹಿರಿತನದ ಪಟ್ಟಿಯಲ್ಲಿ ಮೇಲೇರುತ್ತ ಅದೇ ಸಂಸ್ಥೆಯ ದೊಡ್ಡ ವಿಮಾನಕ್ಕೆ ತಲುಪುತ್ತಿದ್ದರು. ಸಣ್ಣ ವಿಮಾನಕ್ಕೆ ಸಣ್ಣ ಸಂಬಳವೆಂಬುದು ಏಣಿಯ ಮೊದಲ ಮೆಟ್ಟಿಲು ಮಾತ್ರವಾಗಿತ್ತು.

ಮಾರುಕಟ್ಟೆ ತೆರೆದ ಮೇಲೆ

ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 24ರಂದು ವಿಮಾನಯಾನ ನಿಯಂತ್ರಣ ಸಡಿಲಿಕೆಯ ಕಾಯ್ದೆಗೆ ಸಹಿ ಹಾಕಿದರು. ಎಲ್ಲಿಗೆ ಹಾರಬೇಕು, ಎಷ್ಟು ದರ ವಿಧಿಸಬೇಕು ಎಂಬುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಯಿತು. ದೊಡ್ಡ ಸಂಸ್ಥೆಗಳು ಅಟ್ಲಾಂಟಾ, ಷಿಕಾಗೊ, ಡಲ್ಲಾಸ್‌ನಂಥ ಕೇಂದ್ರ ನಿಲ್ದಾಣಗಳನ್ನು ಕಟ್ಟಿಕೊಂಡವು. ಅಲ್ಲಿಗೆ ಸುತ್ತಲಿನ ಊರುಗಳಿಂದ ಜನರನ್ನು ಕರೆತರಲು ಸಣ್ಣ ವಿಮಾನಗಳು ಬೇಕಾದವು. ಆ ಕೆಲಸವನ್ನು ತಮ್ಮ ದುಬಾರಿ ಪೈಲಟ್‌ಗಳಿಂದ ಮಾಡಿಸುವ ಬದಲು ಗುತ್ತಿಗೆಗೆ ಕೊಡುವುದು ಅಗ್ಗವಾಗಿ ಕಂಡಿತು. ಇದರ ಮಾದರಿ ಮೊದಲೇ ಇತ್ತು: 1967ರಲ್ಲಿ ಅಲಿಗೆನಿ ಏರ್‌ಲೈನ್ಸ್ ಮೇರಿಲೆಂಡಿನ ಹೇಗರ್ಸ್‌ಟೌನ್ ಮಾರ್ಗವನ್ನು ಹೆನ್ಸನ್ ಎಂಬ ಸಣ್ಣ ಕಂಪನಿಗೆ ವಹಿಸಿ, ತನ್ನ ಹೆಸರಿನಲ್ಲೇ ಹಾರಲು ಬಿಟ್ಟಿತ್ತು. ಎಂಬತ್ತರ ದಶಕದಲ್ಲಿ ಈ ಪದ್ಧತಿ ದೇಶದಾದ್ಯಂತ ಹರಡಿತು.

ಆರಂಭದಲ್ಲಿ ಗುತ್ತಿಗೆ ಹಾರಾಟಕ್ಕೆ ಬಳಕೆಯಾದದ್ದು ಹತ್ತೊಂಬತ್ತು, ಮೂವತ್ತು ಆಸನಗಳ ಪ್ರೊಪೆಲ್ಲರ್ ವಿಮಾನಗಳು. ಅತಿ ಸಣ್ಣವಕ್ಕೆ ಸುರಕ್ಷತಾ ನಿಯಮಗಳೂ ಸಡಿಲವಾಗಿದ್ದವು. 1995ರ ಡಿಸೆಂಬರ್‌ನಲ್ಲಿ ಹೊರಟ ಆದೇಶ ಹತ್ತು ಅಥವಾ ಹೆಚ್ಚು ಆಸನಗಳ ನಿಗದಿತ ಹಾರಾಟಗಳನ್ನು ದೊಡ್ಡ ಸಂಸ್ಥೆಗಳ ನಿಯಮಗಳಡಿಗೇ ತಂದಿತು. ಅಷ್ಟರಲ್ಲಿ ಐವತ್ತು ಆಸನದ ಜೆಟ್‌ಗಳು ಬಂದಿದ್ದವು. ಕೆನಡಾದ ಬೊಂಬಾರ್ಡಿಯರ್ ತಯಾರಿಸಿದ ಸಿಆರ್‌ಜೆಯನ್ನು 1993ರಲ್ಲಿ ಕೋಮ್‌ಏರ್ ಎಂಬ ಪ್ರಾದೇಶಿಕ ಕಂಪನಿ ಅಮೆರಿಕಕ್ಕೆ ತಂದಿತು. ಬ್ರೆಜಿಲಿನ ಎಂಬ್ರೇರ್ 145 ಕೆಲವು ವರ್ಷಗಳಲ್ಲಿ ಹಿಂಬಾಲಿಸಿತು. ಜೆಟ್‌ಗಳಿಂದಾಗಿ ಪ್ರಾದೇಶಿಕ ಕಂಪನಿಗಳು ಸಾವಿರ ಮೈಲಿ ದೂರದ ಊರುಗಳಿಗೂ ಹಾರತೊಡಗಿದವು. ನಿಯಮ ಒಂದಾಯಿತು, ವಿಮಾನ ಜೆಟ್ ಆಯಿತು. ಸಂಬಳ ಮಾತ್ರ ಹಳೆಯ ಮೆಟ್ಟಿಲಿನಲ್ಲೇ ಉಳಿಯಿತು. ಆ ಮೆಟ್ಟಿಲಿನಿಂದ ಮೇಲೇರುವ ಏಣಿಯೂ ಈಗ ಇನ್ನೊಂದು ಕಂಪನಿಯ ಅಂಗಳದಲ್ಲಿತ್ತು.

ಗುತ್ತಿಗೆಯ ಲೆಕ್ಕ

ಕಡಿಮೆ ಸಂಬಳದ ಬೇರು ಈ ಗುತ್ತಿಗೆಯ ಸ್ವರೂಪದಲ್ಲೇ ಇದೆ. ಸಾಮಾನ್ಯವಾಗಿ ದೊಡ್ಡ ಸಂಸ್ಥೆಯೇ ಮಾರ್ಗ, ವೇಳಾಪಟ್ಟಿ, ಟಿಕೆಟ್ ದರ ಎಲ್ಲವನ್ನೂ ನಿರ್ಧರಿಸುತ್ತದೆ. ಇಂಧನ, ನಿಲ್ದಾಣ ಶುಲ್ಕದಂಥ ಖರ್ಚುಗಳನ್ನು ತಾನೇ ಭರಿಸುತ್ತದೆ. ಪ್ರಾದೇಶಿಕ ಕಂಪನಿಗೆ ಹಾರಾಟಕ್ಕೆ ಇಷ್ಟು, ಗಂಟೆಗೆ ಇಷ್ಟು ಎಂದು ನಿಗದಿತ ಹಣ ಸಿಗುತ್ತದೆ. ಪ್ರಯಾಣಿಕರು ಹೆಚ್ಚಿದರೂ ಅದರ ಆದಾಯ ಹೆಚ್ಚದು. ಹೀಗಿರುವಾಗ ಕಂಪನಿಯ ಕೈಯಲ್ಲಿ ಉಳಿಯುವ ಮುಖ್ಯ ಖರ್ಚು ನೌಕರರ ಸಂಬಳ. ಗುತ್ತಿಗೆಯ ಅವಧಿ ಮುಗಿದಾಗ ಕಡಿಮೆ ಬೆಲೆ ಕೂಗಿದವರಿಗೆ ವಿಮಾನಗಳು ಹೋಗುತ್ತವೆ. ಹಳೆಯ ಕಂಪನಿಯಲ್ಲಿ ಅನುಭವಿ ಪೈಲಟ್‌ಗಳು ಹೆಚ್ಚಿರುವುದರಿಂದ ಅದರ ವೆಚ್ಚ ಹೆಚ್ಚು. ಹೊಸಬರಿಂದ ತುಂಬಿದ ಹೊಸ ಕಂಪನಿ ಅದಕ್ಕಿಂತ ಅಗ್ಗ. ಅನುಭವವೇ ಹೊರೆಯೆನಿಸುವ ಈ ಲೆಕ್ಕಾಚಾರ ವಿಮಾನಯಾನದಲ್ಲಿ ಅತ್ಯಂತ ಅಪಾಯಕಾರಿಯಾದುದು.

ಪೈಲಟ್ ಕಂಪನಿ ಬದಲಿಸಿ ಇದರಿಂದ ಪಾರಾಗುವಂತೆಯೂ ಇರಲಿಲ್ಲ. ಸಂಬಳ, ರಜೆ, ವಿಮಾನ, ನೆಲೆ ಎಲ್ಲವೂ ಹಿರಿತನದಿಂದಲೇ ನಿರ್ಧಾರವಾಗುತ್ತವೆ. ಹತ್ತು ವರ್ಷ ದುಡಿದ ಕ್ಯಾಪ್ಟನ್ ಇನ್ನೊಂದು ಕಂಪನಿಗೆ ಸೇರಿದರೆ ಪಟ್ಟಿಯ ತಳಕ್ಕೆ ಇಳಿಯಬೇಕಾಗುತ್ತಿತ್ತು. ಮುಚ್ಚಿಹೋದ ಕಂಪನಿಗಳ ಎಷ್ಟೋ ಪೈಲಟ್‌ಗಳು ನಡುವಯಸ್ಸಿನಲ್ಲಿ ಮತ್ತೆ ಸಹಪೈಲಟ್‌ನ ಆರಂಭಿಕ ಸಂಬಳಕ್ಕೆ ಕುಳಿತರು.

ಗಂಟೆಯ ಕೂಲಿ, ದಿನದ ದುಡಿಮೆ

ಪೈಲಟ್‌ಗೆ ಸಂಬಳ ಸಿಗುವುದು ಗಂಟೆಯ ಲೆಕ್ಕದಲ್ಲಿ. ಆ ಗಂಟೆ ಆಟೊರಿಕ್ಷಾದ ಮೀಟರಿನಂತೆ ವಿಮಾನ ಚಲಿಸಿದಾಗ ಶುರುವಾಗಿ, ತಲುಪಬೇಕಾದ ನಿಲ್ದಾಣದಲ್ಲಿ ಅದು ನಿಂತಾಗ ಮುಗಿಯುತ್ತದೆ. ಹವಾಮಾನದ ವಿವರ ಓದುವುದು, ವಿಮಾನ ಪರೀಕ್ಷಿಸುವುದು, ಪ್ರಯಾಣಿಕರು ಹತ್ತುವವರೆಗೆ ಕಾಯುವುದು, ಎರಡು ಹಾರಾಟಗಳ ನಡುವಿನ ಬಿಡುವು ಇದರಲ್ಲಿ ಸೇರುವುದಿಲ್ಲ. ಮನೆಯಿಂದ ಹೊರಗಿರುವ ಗಂಟೆಗಳಿಗೆ ಒಂದಿಷ್ಟು ಊಟದ ಭತ್ಯೆ ಮಾತ್ರ ಸಿಗುತ್ತದೆ. ಆಗ ಗಂಟೆಗೆ 22 ಡಾಲರ್ ದರ, ತಿಂಗಳಿಗೆ 75 ಗಂಟೆಯ ಖಾತರಿ ಎಂದರೆ ವರ್ಷಕ್ಕೆ 19,800 ಡಾಲರ್ ಆಗುತ್ತಿತ್ತು. ಮನೆಯಿಂದ ದೂರ ಕಳೆದ ಕಾಲವಾದರೋ ಸಂಬಳದ ಗಂಟೆಗಳ ಎರಡು ಮೂರು ಪಟ್ಟಿರುತ್ತದೆ. ತರಬೇತಿಗೆಂದು ಮಾಡಿದ ಸಾಲದ ಕಂತೂ ಈ ಹಣದಿಂದಲೇ ಹೋಗಬೇಕಿತ್ತು.

ಪ್ರಾದೇಶಿಕ ಹಾರಾಟಗಳು ಕಿರಿದಾದ್ದರಿಂದ ದಿನಕ್ಕೆ ಐದಾರು ಬಾರಿ ಏರಿ ಇಳಿಯುವುದು ಸಾಮಾನ್ಯ. ದೇಹ ದಣಿಯುವುದು ಏರುವಾಗ, ಇಳಿಯುವಾಗ, ಮಂಜು–ಮಳೆಯಲ್ಲಿ ದಾರಿ ಹುಡುಕುವಾಗ; ಸಂಬಳ ಬೆಳೆಯುವುದು ಮೇಲೆ ನೆಟ್ಟಗೆ ಹಾರುವ ಹೊತ್ತಿನಲ್ಲಿ. ತಡರಾತ್ರಿಯ ಕೊನೆಯ ವಿಮಾನವನ್ನು ಸಣ್ಣ ಊರಿಗೆ ಒಯ್ದು, ಹೋಟೆಲಿನಲ್ಲಿ ಕೆಲವೇ ಗಂಟೆ ಒರಗಿ, ನಸುಕಿನ ಮೊದಲ ವಿಮಾನವನ್ನು ಮರಳಿ ತರುವ ಪಾಳಿಗಳೂ ಇದ್ದವು. ಹಿರಿಯರು ತಿಂಗಳ ವೇಳಾಪಟ್ಟಿಯನ್ನು ಆರಿಸಿಕೊಂಡ ಮೇಲೆ ಉಳಿದದ್ದು ಕಿರಿಯರ ಪಾಲು. ತೀರ ಕಿರಿಯರು ‘ರಿಸರ್ವ್’ನಲ್ಲಿ, ಅಂದರೆ ಫೋನ್ ಬಂದೊಡನೆ ಕೆಲವೇ ಗಂಟೆಗಳೊಳಗೆ ನಿಲ್ದಾಣದಲ್ಲಿರುವ ಕಟ್ಟಿಗೆ ಒಳಗಾಗಿ ದಿನ ದೂಡಬೇಕು. ನೆಲೆ ನ್ಯೂಯಾರ್ಕ್‌ನಂಥ ದುಬಾರಿ ನಗರದಲ್ಲಿದ್ದರೆ ಅಲ್ಲಿ ಮನೆ ಹಿಡಿಯಲಾಗದೆ ದೂರದ ಊರಿನಿಂದ ಇನ್ನೊಂದು ವಿಮಾನದಲ್ಲಿ ಬಂದು ಕೆಲಸಕ್ಕೆ ಹಾಜರಾಗುವವರು ಅನೇಕರು. ಅಂಥವರು ಹಲವರು ಸೇರಿ ಬಾಡಿಗೆಗೆ ಹಿಡಿದ ಮನೆಗಳಲ್ಲಿ ಸಾಲು ಮಂಚಗಳ ಮೇಲೆ ಮಲಗುತ್ತಿದ್ದರು.

ಕಾನೂನಿನ ರಕ್ಷಣೆ ತೆಳುವಾಗಿತ್ತು. ಕರ್ತವ್ಯದ ದಿನ ಹದಿನಾರು ಗಂಟೆವರೆಗೂ ಎಳೆಯಬಹುದಿತ್ತು. ವಿಶ್ರಾಂತಿಯನ್ನು ಎಂಟು ಗಂಟೆಗೆ ಇಳಿಸಬಹುದಿತ್ತು. ಆ ಎಂಟು ಗಂಟೆಯಲ್ಲೇ ಹೋಟೆಲಿಗೆ ಹೋಗುವುದು, ಊಟ, ಸ್ನಾನ, ನಿದ್ದೆ, ಮರಳಿ ಬರುವುದು ಎಲ್ಲವೂ ಮುಗಿಯಬೇಕಿತ್ತು.

ಹೋರಾಟ ಮತ್ತು ಹಿನ್ನಡೆ

2001ರ ಮಾರ್ಚ್ 26ರಂದು ಕೋಮ್‌ಏರ್‌ನ ಸುಮಾರು 1,350 ಪೈಲಟ್‌ಗಳು ಮುಷ್ಕರ ಹೂಡಿದರು. ಡೆಲ್ಟಾ ಒಡೆತನದ ಆ ಕಂಪನಿಯ ಹಾರಾಟ 89 ದಿನ ಸಂಪೂರ್ಣ ನಿಂತಿತು. ಪೈಲಟ್‌ಗಳು ಉತ್ತಮ ಸಂಬಳ, ಹೆಚ್ಚಿನ ವಿಶ್ರಾಂತಿ ಪಡೆದರು. ಮೂರೇ ತಿಂಗಳಲ್ಲಿ ಸೆಪ್ಟೆಂಬರ್ 11ರ ದಾಳಿ ನಡೆಯಿತು. ಯುಎಸ್ ಏರ್‌ವೇಸ್, ಯುನೈಟೆಡ್, ಡೆಲ್ಟಾ, ನಾರ್ತ್‌ವೆಸ್ಟ್ ಒಂದೊಂದಾಗಿ ದಿವಾಳಿ ರಕ್ಷಣೆಗೆ ಮೊರೆಹೋದವು. ದೊಡ್ಡ ಸಂಸ್ಥೆಗಳ ಪೈಲಟ್ ಒಪ್ಪಂದಗಳಲ್ಲಿ ಗುತ್ತಿಗೆ ವಿಮಾನಗಳ ಗಾತ್ರಕ್ಕೆ ಕಡಿವಾಣವಿತ್ತು. ದಿವಾಳಿಯ ಒತ್ತಡದಲ್ಲಿ ಅದು ಸಡಿಲಗೊಂಡು, ಐವತ್ತರಿಂದ ಎಪ್ಪತ್ತು, ಕಡೆಗೆ ಎಪ್ಪತ್ತಾರು ಆಸನಗಳಿಗೆ ಏರಿತು. ಹೆಚ್ಚು ಹಾರಾಟ ಅಗ್ಗದ ಕಂಪನಿಗಳ ಪಾಲಾಯಿತು. ಮುಷ್ಕರದಲ್ಲಿ ಗೆದ್ದ ಕೋಮ್‌ಏರ್ ಪೈಲಟ್‌ಗಳು ಮತ್ತೆ ರಿಯಾಯಿತಿ ಬಿಟ್ಟುಕೊಡಬೇಕಾಯಿತು; ವೆಚ್ಚದ ಕಾರಣವನ್ನೇ ಮುಂದೊಡ್ಡಿ 2012ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಬಫಲೊ ದುರಂತ

2009ರ ಫೆಬ್ರುವರಿ 12ರ ರಾತ್ರಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಿಂದ ಬಫಲೊಗೆ ಹೊರಟ, ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ 3407 ವಿಮಾನ ಕ್ಲಾರೆನ್ಸ್ ಸೆಂಟರ್ ಎಂಬಲ್ಲಿ ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ನೆಲದ ಮೇಲಿದ್ದ ಒಬ್ಬರು ಸತ್ತರು. ಪ್ರಯಾಣಿಕರ ಟಿಕೆಟ್ ಕಾಂಟಿನೆಂಟಲ್ ಎಂಬ ದೊಡ್ಡ ಸಂಸ್ಥೆಯ ಹೆಸರಿನಲ್ಲಿತ್ತು. ವೇಗ ಕುಸಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಿದ ತಪ್ಪು ಪ್ರತಿಕ್ರಿಯೆಯೇ ಅಪಘಾತಕ್ಕೆ ಕಾರಣವೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಆದರೆ ವಿಚಾರಣೆಯಲ್ಲಿ ಬಯಲಾದ ಬದುಕಿನ ವಿವರಗಳು ದೇಶವನ್ನೇ ಬೆಚ್ಚಿಬೀಳಿಸಿದವು. ಸಹಪೈಲಟ್ ಸಿಯಾಟಲ್‌ನಿಂದ ಸರಕು ವಿಮಾನಗಳಲ್ಲಿ ರಾತ್ರಿಯಿಡೀ ಪಯಣಿಸಿ ನ್ಯೂವಾರ್ಕ್‌ಗೆ ಬಂದಿದ್ದರು. ಫ್ಲಾರಿಡಾದವರಾದ ಕ್ಯಾಪ್ಟನ್ ಸಿಬ್ಬಂದಿ ಕೊಠಡಿಯಲ್ಲಿ ರಾತ್ರಿ ಕಳೆದಿದ್ದರು. ಸಹಪೈಲಟ್‌ನ ವಾರ್ಷಿಕ ಗಳಿಕೆ 25 ಸಾವಿರ ಡಾಲರ್‌ಗೂ ಕಡಿಮೆಯಿತ್ತು. ದಣಿವನ್ನೂ ಅಪಘಾತದ ಪೂರಕ ಕಾರಣವೆಂದು ದಾಖಲಿಸಬೇಕಿತ್ತೆಂದು ಮಂಡಳಿಯ ಅಧ್ಯಕ್ಷೆ ಡೆಬೊರಾ ಹರ್ಸ್‌ಮನ್ ಪ್ರತ್ಯೇಕವಾಗಿ ಬರೆದರು.

ಅಪಘಾತ ನಡೆದ ತಿಂಗಳಲ್ಲೇ, ಹಡ್ಸನ್ ನದಿಯಲ್ಲಿ ವಿಮಾನ ಇಳಿಸಿ ಎಲ್ಲರನ್ನೂ ಉಳಿಸಿದ್ದ ಕ್ಯಾಪ್ಟನ್ ಚೆಸ್ಲಿ ಸಲ್ಲನ್‌ಬರ್ಗರ್ ಸಂಸತ್ತಿನ ಸಮಿತಿಯ ಮುಂದೆ ತಮ್ಮ ಸಂಬಳ ಶೇ 40ರಷ್ಟು ಕಡಿತಗೊಂಡದ್ದನ್ನೂ ಪಿಂಚಣಿ ಕೈತಪ್ಪಿದ್ದನ್ನೂ ಹೇಳಿದರು. ಅನುಭವಿಗಳನ್ನು ಉಳಿಸಿಕೊಳ್ಳದ ವೃತ್ತಿಗೆ ಪ್ರತಿಭಾವಂತರು ಬರಲಾರರೆಂಬುದು ಅವರ ಎಚ್ಚರಿಕೆಯಾಗಿತ್ತು.

ಕಾನೂನು ಬಂದಿತು

3407ರಲ್ಲಿ ಮಡಿದವರ ಕುಟುಂಬಗಳು ವಾಷಿಂಗ್ಟನ್‌ಗೆ ಎಡೆಬಿಡದೆ ಎಡತಾಕಿದವು. ಫಲವಾಗಿ 2010ರ ಆಗಸ್ಟ್ 1ರಂದು ಹೊಸ ಸುರಕ್ಷತಾ ಕಾಯ್ದೆ ಜಾರಿಗೆ ಬಂದಿತು. 2013ರಿಂದ ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯವಾಯಿತು. ಸೇನಾ ಪೈಲಟ್‌ಗಳಿಗೆ 750, ವಿಮಾನಯಾನ ಪದವೀಧರರಿಗೆ 1,000 ಗಂಟೆಯ ವಿನಾಯಿತಿ ಇದೆ. 2014ರ ಜನವರಿ 4ರಿಂದ ಜಾರಿಯಾದ ದಣಿವಿನ ನಿಯಮಗಳು ಹತ್ತು ಗಂಟೆಯ ವಿಶ್ರಾಂತಿಯನ್ನೂ ಅದರಲ್ಲಿ ಎಂಟು ಗಂಟೆ ಅಡ್ಡಿಯಿಲ್ಲದೆ ನಿದ್ರಿಸುವ ಅವಕಾಶವನ್ನೂ ಖಾತರಿಪಡಿಸಿದವು. ವಾರಕ್ಕೊಮ್ಮೆ ಸತತ 30 ಗಂಟೆಗಳ ಬಿಡುವು ಕಡ್ಡಾಯವಾಯಿತು. ಕರ್ತವ್ಯದ ಮಿತಿ, ಕೆಲಸ ಆರಂಭಿಸುವ ಹೊತ್ತು ಮತ್ತು ಹಾರಾಟಗಳ ಸಂಖ್ಯೆಗೆ ತಕ್ಕಂತೆ, 9ರಿಂದ 14 ಗಂಟೆಗಳ ನಡುವೆ ನಿಗದಿಯಾಯಿತು. ನಸುಕಿನಲ್ಲಿ ಎದ್ದು ಆರು ಬಾರಿ ಇಳಿಸುವ ಪೈಲಟ್‌ನ ದಣಿವೇ ಬೇರೆ ಎಂಬುದನ್ನು ಕಾನೂನು ಮೊದಲ ಬಾರಿಗೆ ಒಪ್ಪಿಕೊಂಡಿತು. ಸರಕು ವಿಮಾನಗಳನ್ನು ಮಾತ್ರ ಈ ನಿಯಮದಿಂದ ಹೊರಗಿಡಲಾಯಿತು.

ಕೊರತೆ ತಂದ ಏರಿಕೆ

ಕಾನೂನು ಸಂಬಳದ ಬಗ್ಗೆ ಏನೂ ಹೇಳಿರಲಿಲ್ಲ. 2014ರಲ್ಲೂ ಪ್ರಾದೇಶಿಕ ಸಹಪೈಲಟ್‌ನ ಸರಾಸರಿ ಆರಂಭಿಕ ಸಂಬಳ ಸುಮಾರು 22 ಸಾವಿರ ಡಾಲರ್ ಇತ್ತು. ಸುಮಾರು ಒಂದು ಲಕ್ಷ ಡಾಲರ್ ಸುರಿದು ತರಬೇತಿ ಪಡೆದು, 1,500 ಗಂಟೆ ಗಳಿಸಿ, ಇಷ್ಟು ಸಂಬಳಕ್ಕೆ ಬರುವವರು ಕಡಿಮೆಯಾಗತೊಡಗಿದರು. ಇತ್ತ 2007ರಲ್ಲಿ ನಿವೃತ್ತಿ ವಯಸ್ಸು 60ರಿಂದ 65ಕ್ಕೆ ಏರಿದ್ದರಿಂದ ಮುಂದೂಡಲ್ಪಟ್ಟಿದ್ದ ನಿವೃತ್ತಿಗಳು ಆರಂಭವಾದವು. 2016ರಲ್ಲಿ ದಿವಾಳಿ ಅರ್ಜಿ ಹಾಕಿದ ರಿಪಬ್ಲಿಕ್ ಪೈಲಟ್‌ಗಳ ಕೊರತೆಯನ್ನೂ ಕಾರಣವಾಗಿ ನೀಡಿತು. ಕೋವಿಡ್ ಕಾಲದಲ್ಲಿ ದೊಡ್ಡ ಸಂಸ್ಥೆಗಳು ಸಾವಿರಾರು ಹಿರಿಯರನ್ನು ಸ್ವಯಂ ನಿವೃತ್ತಿಯ ಮೂಲಕ ಕಳುಹಿಸಿದವು. ಪ್ರಯಾಣಿಕರು ಮರಳಿದಾಗ ಆ ಜಾಗಗಳಿಗೆ ಪ್ರಾದೇಶಿಕ ಪೈಲಟ್‌ಗಳನ್ನೇ ಸೆಳೆದುಕೊಂಡವು.

2022ರ ಜೂನ್‌ನಲ್ಲಿ ಅಮೆರಿಕನ್ ಒಡೆತನದ ಎನ್ವಾಯ್ ಮತ್ತು ಪೀಡ್‌ಮಾಂಟ್ ಹೊಸ ಸಹಪೈಲಟ್‌ನ ದರವನ್ನು ಗಂಟೆಗೆ 90 ಡಾಲರ್‌ಗೆ ಏರಿಸಿದವು. ಇದರಲ್ಲಿ ಒಂದು ಭಾಗ ಅವಧಿಗೆ ಸೀಮಿತವೆಂದು ಘೋಷಿಸಲಾಗಿತ್ತು. ಆದರೂ ಉಳಿದ ಕಂಪನಿಗಳು ಹಿಂಬಾಲಿಸದೆ ವಿಧಿಯಿರಲಿಲ್ಲ. ತಿಂಗಳಿಗೆ 75 ಗಂಟೆಯ ಅದೇ ಲೆಕ್ಕದಲ್ಲಿ ಈ ದರ ವರ್ಷಕ್ಕೆ 81 ಸಾವಿರ ಡಾಲರ್. ದಶಕಗಳ ಮಾತುಕತೆಯಿಂದ ಆಗದ್ದು ಕೆಲವೇ ತಿಂಗಳಲ್ಲಿ ಆಯಿತು. ಅಷ್ಟು ಸಂಬಳ ಕೊಡಲು ಈ ಉದ್ಯಮಕ್ಕೆ ಸಾಧ್ಯವೇ ಇಲ್ಲವೆಂಬ ಹಳೆಯ ವಾದ ಇದರೊಂದಿಗೆ ಬಿದ್ದುಹೋಯಿತು.

ಏರಿಕೆಗೆ ಬೆಲೆ ತೆತ್ತದ್ದು ಸಣ್ಣ ಊರುಗಳು. ಸ್ಕೈವೆಸ್ಟ್ 2022ರಲ್ಲಿ ಸರ್ಕಾರದ ಸಹಾಯಧನದ 29 ಊರುಗಳ ಸೇವೆಯಿಂದ ಹಿಂದೆ ಸರಿಯುವುದಾಗಿ ತಿಳಿಸಿತು. ಅಮೆರಿಕನ್ ಏರ್‌ಲೈನ್ಸ್ ಟೊಲೀಡೊ, ಇಥಾಕಾ ಊರುಗಳಿಗೆ ಹಾರಾಟ ನಿಲ್ಲಿಸಿತು. 1,500 ಗಂಟೆಯ ನಿಯಮವೇ ಕೊರತೆಗೆ ಮೂಲವೆಂದು ಪ್ರಾದೇಶಿಕ ಕಂಪನಿಗಳು ವಾದಿಸಿದವು. ಪೈಲಟ್ ಸಂಘ ಮತ್ತು 3407ರ ಕುಟುಂಬಗಳು ಅದನ್ನು ಮುಟ್ಟಬಾರದೆಂದವು. 2024ರ ಮೇ ತಿಂಗಳ ಕಾಯ್ದೆ ನಿಯಮವನ್ನೂ 65ರ ನಿವೃತ್ತಿ ವಯಸ್ಸನ್ನೂ ಹಾಗೆಯೇ ಉಳಿಸಿತು.

ಸಂಬಳ ಏರಿದರೂ ಅದರ ತಳಹದಿ ಬದಲಾಗಿಲ್ಲ. ಹಾರಾಟ ಈಗಲೂ ಗುತ್ತಿಗೆಯದು. ಹಿರಿತನ ಈಗಲೂ ಕಂಪನಿಯೊಳಗಿನದು. ನೆಲದ ಮೇಲಿನ ದುಡಿಮೆಯ ಬಹುಪಾಲು ಈಗಲೂ ಗಂಟೆಯ ಲೆಕ್ಕದಿಂದ ಹೊರಗೆ. ವಿಶ್ರಾಂತಿ ಕಾನೂನಿನಲ್ಲಿ ಬರೆದಿರುವುದರಿಂದ ಉಳಿಯುತ್ತದೆ. ಸಂಬಳ ಕೊರತೆಯಿಂದ ಬಂದದ್ದು. ಪೈಲಟ್‌ಗಳ ಸಂಖ್ಯೆ ಬೇಡಿಕೆಯನ್ನು ಮೀರಿದ ದಿನ ಅದನ್ನು ಕಾಯುವುದು ಒಪ್ಪಂದಗಳು ಮತ್ತು ಅವುಗಳ ಹಿಂದಿರುವ ಸಂಘಟನೆ ಮಾತ್ರ.