ಭೂಮಿಯ ಬಿಸಿಯಿಂದ ವಿದ್ಯುತ್ತು: ಅದಕ್ಕೂ ಬೇಕು ನೀರು



ಕರೆಂಟು ಬಂದರೆ ಪಂಪು ತಿರುಗಿ ನೀರು ಬರುತ್ತದೆ. ಆದರೆ ಕರೆಂಟು ಹುಟ್ಟುವುದಕ್ಕೂ ನೀರು ಬೇಕು, ನೋಡಿ. ಶಿವನಸಮುದ್ರದಲ್ಲಿ 1902ರಿಂದ ಕಾವೇರಿಯ ನೀರು ಚಕ್ರ ತಿರುಗಿಸಿ ಮತ್ತೆ ಹೊಳೆಗೇ ಸೇರುತ್ತದೆ. ರಾಯಚೂರಿನ ಕಲ್ಲಿದ್ದಲಿನ ಸ್ಥಾವರದಲ್ಲಿ ಹಾಗಲ್ಲ. ಯಂತ್ರ ತಂಪು ಮಾಡುವಾಗ ಕೃಷ್ಣೆಯ ನೀರು ಆವಿಯಾಗಿ ಹೋಗುತ್ತದೆ. ಇಂಥ ಹಳೆಯ ಸ್ಥಾವರಗಳು ಯೂನಿಟ್ಟಿಗೆ 3.5 ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ನಿಯಮ ಮಾಡಿತು. 5 ಎಚ್.ಪಿ. ಪಂಪು ಒಂದು ಗಂಟೆ ಓಡಿದರೆ ಸುಮಾರು 4 ಯೂನಿಟ್ಟು; ಅಂದರೆ 14 ಲೀಟರು ನೀರು.

ಹಾಗಾದರೆ ಭೂಮಿಯ ಬಿಸಿಯಿಂದಲೇ ಕರೆಂಟು ಮಾಡಬಾರದೇ ಅಂತ ಕೇಳುತ್ತೀರಿ. ಆಳಕ್ಕೆ ಹೋದಷ್ಟೂ ನೆಲ ಬಿಸಿ, ನಿಜ. ಪುತ್ತೂರು ತಾಲೂಕಿನ ಬೆಂದ್ರು ತೀರ್ಥ ಬೆಚ್ಚನೆ ನೀರಿನ ಬುಗ್ಗೆಗೆ ಹೆಸರಾದದ್ದು. ಆ ಬಿಸಿ ಸ್ನಾನಕ್ಕಾಯಿತು, ಚಕ್ರ ತಿರುಗಿಸುವ ಹಬೆಗೆ ಸಾಲದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗೈಸರ್ಸ್ ಎಂಬ ಜಾಗವಿದೆ. ಅಲ್ಲಿ ಬೋರು ಕೊರೆದರೆ ಹಬೆಯೇ ಬರುತ್ತದೆ. 1960ರಿಂದ ಅದರಲ್ಲಿ ವಿದ್ಯುತ್ತು ತೆಗೆಯುತ್ತಿದ್ದಾರೆ. ಬೋರಿನ ಮೇಲೆ ಬೋರು ಕೊರೆದರು. ಚಕ್ರ ತಿರುಗಿಸಿದ ಹಬೆ ತಣಿದು ನೀರಾದರೂ, ಅದರ ಬಹುಪಾಲು ತಂಪುಗೋಪುರದಲ್ಲಿ ಆವಿಯಾಗಿ ಹೋಯಿತು. ನೆಲಕ್ಕೆ ಮರಳಿದ್ದು ಸ್ವಲ್ಪ. 1980ರ ದಶಕದ ಕೊನೆಗೆ ಹಬೆ ಇಳಿಯಿತು. ಕಾವು ಇತ್ತು, ನೀರು ಇರಲಿಲ್ಲ!

ಅವರು ಏನು ಮಾಡಿದರು? 1997ರಲ್ಲಿ ಲೇಕ್ ಕೌಂಟಿಯಿಂದ, 2003ರಲ್ಲಿ ಸಾಂಟಾ ರೋಸಾ ಪಟ್ಟಣದಿಂದ, ಶುದ್ಧಿ ಮಾಡಿದ ಚರಂಡಿ ನೀರನ್ನು ಕೊಳವೆಯಲ್ಲಿ ತಂದು ಆಳಕ್ಕೆ ಇಳಿಸಿದರು. ಹಬೆಯ ಇಳಿತ ತಗ್ಗಿತು. ಬಿಸಿನೀರಿನ ಕಾವನ್ನು ಮಾತ್ರ ಹೀರಿ, ನೀರನ್ನು ಪೂರಾ ನೆಲಕ್ಕೇ ಮರಳಿಸಿ, ಯಂತ್ರವನ್ನು ಗಾಳಿಯಿಂದ ತಂಪು ಮಾಡುವ ಸ್ಥಾವರಗಳೂ ಇವೆ. ಅವುಗಳಿಗೆ ನೀರಿನ ಖರ್ಚು ಬಹಳ ಕಡಿಮೆ.

ನಮ್ಮ ಬೋರಿನ ಕಥೆಯೂ ಇದೇ ಅಲ್ಲವೇ? ತೆಗೆದದ್ದನ್ನು ತುಂಬದಿದ್ದರೆ ಬತ್ತುತ್ತದೆ. ಇಗ್ಗಲೂರಿನಿಂದ ಶಿಂಷಾ ನೀರು ಕೆರೆಗೆ ಬಂದರೆ ಸಂತೋಷ. ಆದರೆ ಅದನ್ನು ಎತ್ತಲೂ ಕರೆಂಟು ಬೇಕು. ಮಳೆನೀರು ತಾನಾಗಿಯೇ ಇಳಿಯುತ್ತದೆ. ಬೋರಿನ ಸುತ್ತ ಇಂಗುಗುಂಡಿ ತೋಡಿ, ತಳಕ್ಕೆ ದಪ್ಪಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ಹಾಕಿ. ಹರಿದು ಬರುವ ನೀರನ್ನು ಮೊದಲು ಚಿಕ್ಕ ಗುಂಡಿಯಲ್ಲಿ ನಿಲ್ಲಿಸಿ, ಹೂಳು ಇಳಿದ ಮೇಲೆ ಒಳಗೆ ಬಿಡಿ. ಕೊಟ್ಟಿಗೆಯ ನೀರು, ಔಷಧಿ ಹೊಡೆದ ಹೊಲದ ನೀರು ಮಾತ್ರ ಬೇಡ. ಗೈಸರ್ಸಿನಲ್ಲಿ ಅದು ಹಬೆಯಾಗುತ್ತದೆ. ನಮ್ಮಲ್ಲಿ ಮಕ್ಕಳು ಕುಡಿಯುತ್ತಾರೆ.

ಮುಂಗಾರಿಗೆ ಮೊದಲೇ ಗುಂಡಿ ಸಿದ್ಧವಾಗಲಿ.