ಆಟೊ ಮೀಟರಿನಲ್ಲಿ ನಕ್ಷೆಗಳ ಗಣಿತ

ಶಿವಾಜಿನಗರದಲ್ಲಿ ಆಟೊ ಹತ್ತಿ, ಹಲಸೂರು ದಾಟಿ ಇಂದಿರಾನಗರದತ್ತ 5 ಕಿಲೋಮೀಟರ್ ಹೋದರೆ ಮೀಟರ್ ಎಷ್ಟು ತೋರಿಸಬೇಕು?

2021ರ ಡಿಸೆಂಬರ್‌ನಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15 ಇತ್ತು. ದೂರವನ್ನು ಅಡ್ಡ ಅಕ್ಷದಲ್ಲಿ, ದರವನ್ನು ಲಂಬ ಅಕ್ಷದಲ್ಲಿ ಗುರುತಿಸಿದರೆ, ಗೆರೆ 2ರವರೆಗೆ ಮಟ್ಟಸವಾಗಿ ಸಾಗಿ, ಅಲ್ಲಿಂದ ಓರೆಯಾಗಿ ಏರುತ್ತದೆ. 5 ಕಿಲೋಮೀಟರಿಗೆ 75 ರೂಪಾಯಿ.

2025ರ ಆಗಸ್ಟ್ 1ರಿಂದ 30 ಇದ್ದದ್ದು 36 ಆಯಿತು, 15 ಇದ್ದದ್ದು 18. ಎರಡೂ ಸರಿಯಾಗಿ 1.2 ಪಟ್ಟು! ಹಾಗಾಗಿ ಹೊಸ ನಕ್ಷೆಯನ್ನು ಮೊದಲಿನಿಂದ ಬರೆಯಬೇಕಿಲ್ಲ. ಹಳೆಯ ಗೆರೆಯ ಪ್ರತಿ ಬಿಂದುವಿನ ಎತ್ತರವನ್ನು 1.2ರಿಂದ ಗುಣಿಸಿದರೆ ಸಾಕು: 75 ಈಗ 90. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಮತ್ತೆ ಒಂದೂವರೆ ಪಟ್ಟು: 135. ನಕ್ಷೆ ಲಂಬವಾಗಿ ಹಿಗ್ಗುವುದೆಂದರೆ ಇದೇ.

ಲಗೇಜ್ 20 ಕಿಲೋ ಮೀರಿದರೆ 10 ರೂಪಾಯಿ ಹೆಚ್ಚು. ಇಲ್ಲಿ ಗೆರೆಯ ಓರೆ ಬದಲಾಗದು. ಇಡೀ ನಕ್ಷೆ 10ರಷ್ಟು ಮೇಲಕ್ಕೆ ಸರಿಯುತ್ತದೆ.

ಮಕ್ಕಳು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕನಿಷ್ಠ ದರದ ದೂರವನ್ನು 2ರಿಂದ 3 ಕಿಲೋಮೀಟರಿಗೆ ಏರಿಸಿದರು ಎಂದುಕೊಳ್ಳೋಣ. ಆಗ 5 ಕಿಲೋಮೀಟರ್ ಹೋದವರು 4 ಕಿಲೋಮೀಟರಿನ ದರ ಕೊಟ್ಟರಾಯಿತು: 90ರ ಬದಲು 72. ಎಕ್ಸ್ ಕಿಲೋಮೀಟರಿನ ದರವನ್ನು ಎಫ್(ಎಕ್ಸ್) ಎಂದು ಬರೆದರೆ, ಗಣಿತದಲ್ಲಿ ಇದು ಎಫ್(ಎಕ್ಸ್ ಮೈನಸ್ 1). ಒಳಗಿರುವುದು ಮೈನಸ್ ಆದರೂ ನಕ್ಷೆ ಬಲಕ್ಕೆ ಸರಿಯುತ್ತದೆ, ಏಕೆಂದರೆ ಅದೇ ದರ ಮುಟ್ಟಲು 1 ಕಿಲೋಮೀಟರ್ ಹೆಚ್ಚು ಸಾಗಬೇಕು.

ಈಗ ಕೆ.ಆರ್. ಪುರದ ಕಡೆಗೆ 12 ಕಿಲೋಮೀಟರ್ ರಾತ್ರಿ ಪ್ರಯಾಣ. ಹಳೆಯ ನಕ್ಷೆಯಲ್ಲಿ 180, ಹೊಸದರಲ್ಲಿ 216, ರಾತ್ರಿಗೆ 324. ಮೂರನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಬರೆದು ನೋಡಿ.