ರಸ್ತೆ ಬದಿಯ ಎಕರೆ ಮಾರುವ ಮುನ್ನ



ಭಾನುವಾರ ಬಂತೆಂದರೆ ಬೆಂಗಳೂರು, ಮೈಸೂರಿನ ಕಾರುಗಳು ನಮ್ಮ ಸೀಮೆಯತ್ತ ತಿರುಗುತ್ತವೆ. ಬಂದವರು ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವುದನ್ನು ನೋಡುತ್ತಾರೆ. ಕಬಿನಿ ಹಿನ್ನೀರಿನ ದಡದಲ್ಲಿ ಆನೆ ಕಂಡರೆ ಹಿಗ್ಗುತ್ತಾರೆ. ಮರಳುವಾಗ ಟೀ ಅಂಗಡಿಯಲ್ಲಿ ಕೇಳುವುದು, "ಇಲ್ಲೆಲ್ಲಾದರೂ ಜಮೀನು ಸಿಗುತ್ತದೆಯೇ?" ಕೇಳುವುದರಲ್ಲಿ ತಪ್ಪಿಲ್ಲ. ದೂರದ ಪೋರ್ಚುಗಲ್ ದೇಶದಲ್ಲೂ ಹಳ್ಳಿಯ ಯುವಕರು ಪಟ್ಟಣಕ್ಕೂ ಪರದೇಶಕ್ಕೂ ಹೋದ ಮೇಲೆ ಖಾಲಿ ಬಿದ್ದ ಕಲ್ಲಿನ ಮನೆಗಳನ್ನು ಹೊರನಾಡಿನವರು ಕೊಳ್ಳುತ್ತಿದ್ದಾರೆ. ನಮ್ಮಲ್ಲಿ ಕೈ ಬದಲಾಗುವುದು ಉಳುವ ಹೊಲವಾದ್ದರಿಂದ ತುಸು ಎಚ್ಚರ ಬೇಕು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು 1974ರಲ್ಲಿ ಭೂಸುಧಾರಣೆಯನ್ನು ಬಿಗಿಗೊಳಿಸಿದ್ದರು. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳದಂತೆ ಇದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಕೊಳ್ಳುವವರು ಹೆಚ್ಚಿದ್ದು ಬೆಲೆಗೇನೋ ಒಳ್ಳೆಯದೇ.

ಆದರೆ ಪೇಟೆಯವರು ಕೇಳುವುದು ಸಾಮಾನ್ಯವಾಗಿ ರಸ್ತೆ ಬದಿಯ ತುಂಡನ್ನು. ನಿಮ್ಮದು ಮೂರು ಎಕರೆ ಇದೆಯೆನ್ನಿ. ಮುಂದಿನ ಒಂದು ಎಕರೆ ಮಾರಿದಿರಿ. ಮಾರನೆಯ ತಿಂಗಳು ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕುತ್ತಾರೆ, ಗೇಟಿಗೆ ಬೀಗ ಬೀಳುತ್ತದೆ. ಹಿಂದಿನ ಎರಡು ಎಕರೆಗೆ ಟ್ರ್ಯಾಕ್ಟರು ಹೋಗುವುದೆಲ್ಲಿಂದ? ಹೊಗೆಸೊಪ್ಪನ್ನೋ ಕಬ್ಬನ್ನೋ ಹೊರಗೆ ತರುವುದೆಲ್ಲಿಂದ? ನಾಲೆಯ ನೀರು ಆ ಎಕರೆಯನ್ನು ಹಾದೇ ಬರಬೇಕಿದ್ದರೆ ಕಾಲುವೆಯೂ ಮುಚ್ಚಿತೆನ್ನಿ. "ಓಡಾಡಿಕೊಳ್ಳಿ, ಯಾರು ಬೇಡವೆನ್ನುತ್ತಾರೆ" ಎಂಬ ಬಾಯಿಮಾತು, ಅವರು ಇನ್ನೊಬ್ಬರಿಗೆ ಮಾರಿದ ದಿನವೇ ಮುಗಿಯಿತು.

ಆದ್ದರಿಂದ ಬಂಡಿದಾರಿ ಎಷ್ಟು ಅಡಿ ಅಗಲ, ಯಾವ ಬದುವಿನ ಮೇಲೆ, ನೀರಿನ ಕಾಲುವೆ ಎಲ್ಲಿ ಎಂಬುದನ್ನು ಕ್ರಯಪತ್ರದಲ್ಲೇ ಬರೆಸಿರಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರಲು 11ಇ ನಕ್ಷೆ ಬೇಕಷ್ಟೇ. ಅಳತೆಗೆ ಬಂದ ದಿನ ಖುದ್ದಾಗಿ ನಿಂತು ದಾರಿಯ ಜಾಗವನ್ನು ತೋರಿಸಿರಿ. ಆ ಹೊತ್ತು ದಲ್ಲಾಳಿಗೆ ಬಿಟ್ಟು ಸಂತೆಗೆ ಹೋಗಬೇಡಿ.

ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಸಮಪಾಲುಂಟು; ಅವರನ್ನು ಕೇಳದೆ ಮುಂಗಡ ಹಿಡಿಯುವುದು ವ್ಯಾಜ್ಯಕ್ಕೆ ದಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ; ಮಾರಿದರೂ ಆ ಕ್ರಯ ನಿಲ್ಲದು.

ಮಗಳ ಮದುವೆಗೋ ಸಾಲಕ್ಕೋ ಹಣ ಬೇಕೇ ಬೇಕೆಂದಾದರೆ, ಹಿಂಬದಿಯ ತುಂಡನ್ನು ಮಾರಿ ರಸ್ತೆ ಬದಿಯದನ್ನು ಉಳಿಸಿಕೊಳ್ಳುವ ಮಾತನ್ನೂ ಎತ್ತಿ ನೋಡಿರಿ. ಬೆಲೆ ಕಡಿಮೆ ಬಂದೀತು. ಆಗ ದಾರಿ ಕೇಳಬೇಕಾದವರು ಅವರು.